ಹೊತ್ತು ಮುಳುಗುವ ಮೊದಲಿನ ಗುಳಿಗೆ

ನಿಪ್ಪಾಣಿ
೧೪ ಜೂನ್ ೧೯೮೭

ಮಂಗಲಾ,

ಜಯ ಜಿನೇಂದ್ರ. ನಾವು ಸುಖ, ನೀವೂ ಸುಖವೆಂದು ನಂಬಿದ್ದೇವೆ ಎಂದು ಬರೆಯುವುದು ರೂಢಿ. ನೀನು ಸುಖವಾಗಿದ್ದೀಯೋ ಇಲ್ಲವೋ ಎಂದು ತಿಳಿಯುವುದಕ್ಕೇ ನಾನು ಮೂರು ಕಾಗದ ಹಾಕಿದ್ದು. ಒಂದಕ್ಕೂ ಉತ್ತರವಿಲ್ಲ. ಅಂಚೆಯವನು ಓಣಿಗೆ ಬಂದಾಗಲೆಲ್ಲ ನಾನು ಕಟ್ಟೆಗೆ ಬಂದು ನಿಲ್ಲುವುದು, ಅವನು ತಲೆ ಅಲ್ಲಾಡಿಸಿ ಮುಂದೆ ಹೋಗುವುದು. ನಮ್ಮ ವಖಾರಿಯಲ್ಲಿ ತಂಬಾಕು ಆರಿಸಲು ಬರುವ ಹೆಂಗಸರು ಕೂಡ ಈಗ ಕೇಳತೊಡಗಿದ್ದಾರೆ, ಅಕ್ಕಾವರಿಗೆ ಯಾರ ಕಾಗದ ಬರಬೇಕಾಗಿದೆ ಎಂದು.

ಮೇ ತಿಂಗಳಲ್ಲಿ ನೀನು ಇಲ್ಲಿಗೆ ಬಂದಿದ್ದೆ. ಬಂದಿದ್ದೆ ಎನ್ನುವುದಕ್ಕಿಂತ ನಿನ್ನನ್ನು ಯಾರೋ ತಂದು ಪಡಸಾಲೆಯ ಗೋಡೆಗೆ ಒರಗಿಸಿ ಹೋಗಿದ್ದರು ಎನ್ನಬೇಕು. ಮಾವಿನ ಹಣ್ಣು ಹೆಚ್ಚಿ ಮುಂದೆ ಇಟ್ಟರೆ ನೊಣ ತಿಂದವೇ ಹೊರತು ನೀನು ತಿನ್ನಲಿಲ್ಲ. ಕರೋಶಿಯಲ್ಲಿ, ನಮ್ಮ ತವರಿನಲ್ಲಿ, ಗೊರಟೆಯನ್ನು ನಾನು ಮೊದಲು ಚೀಪಿದೆನೆಂದು ನನ್ನ ಜಡೆ ಹಿಡಿದು ಎಳೆದವಳು ನೀನು. ನಾನು ಮಾತಾಡಿಸಿದರೆ ಹೂಂ, ಬೈದರೂ ಹೂಂ. ನಿನ್ನ ಜೊತೆ ಜಗಳವಾಡಿ ಮುಗಿಸಬೇಕೆಂದು ಎಷ್ಟೆಲ್ಲ ಕೂಡಿಟ್ಟುಕೊಂಡಿದ್ದೆ, ಎಲ್ಲವೂ ಹಾಗೆಯೇ ಉಳಿಯಿತು.

ಹೋಗುವ ದಿನ ನಿನ್ನ ಹಸಿರು ಇಳಕಲ್ ಸೀರೆ ನನ್ನ ಕೈಗಿಟ್ಟು, “ನೀನ ಉಡು, ಅಕ್ಕಾ” ಎಂದೆ. ಅದು ನಿನ್ನ ಮದುವೆಯ ಸೀರೆ. ನಾನು ಒಮ್ಮೆ ಕೇಳದೆ ಉಟ್ಟುಹೋಗಿ ಸೆರಗಿಗೆ ಸಾರು ಚೆಲ್ಲಿಕೊಂಡು ಬಂದದ್ದಕ್ಕೆ ನೀನು ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದೆ. ಈಗ ಕೇಳದೆಯೇ ಕೊಟ್ಟಿದ್ದೀಯ. ನನಗೆ ಇದೇನು ಸೊಗಸೋ ಸೆಡವೋ ತಿಳಿಯುತ್ತಿಲ್ಲ. ಟ್ರಂಕಿನಲ್ಲಿಟ್ಟಿದ್ದೇನೆ.

ನಿನಗೆ ಏನು ಕಡಿಮೆಯಾಗಿದೆ ಮಂಗಲಾ? ಗಂಡ ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ. ಹೊಳೆದಂಡೆಯ ಹೊಲ, ತಲೆಯೆತ್ತರದ ಕಬ್ಬು, ಚಿನ್ನದಂಥ ಎರಡು ಮಕ್ಕಳು. ಹೊಟ್ಟೆ ತುಂಬಿದವರಿಗೆ ಹುಗ್ಗಿ ಮುಳ್ಳು ಎನ್ನುವುದು ಸುಳ್ಳಲ್ಲ. ನಾಳೆ ಬೆಳಿಗ್ಗೆ ಎದ್ದು ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿಕೋ, ಎಮ್ಮೆ ಹಿಂಡು, ಯಾರ ಜೊತೆಗಾದರೂ ಜಗಳವಾಡು. ಎಲ್ಲ ಸರಿಹೋಗುತ್ತದೆ.

ಉತ್ತರ ಬರೆಯದಿದ್ದರೆ ನಾನೇ ಬಂದು ನಿನ್ನ ಜಡೆ ಎಳೆಯುವವಳು,
ನಿನ್ನ ಅಕ್ಕ ಗಂಗೂಬಾಯಿ

*

ಶಿರಗುಪ್ಪಿ
೨ ಜುಲೈ ೧೯೮೭

ಅಕ್ಕಾ,

ನಿನ್ನ ಕಾಗದ ಮುಟ್ಟಿತು. ಮೊದಲಿನ ಮೂರೂ ಮುಟ್ಟಿದ್ದವು. ಬರೆಯಲು ಕೂತರೆ ಏನು ಬರೆಯಬೇಕೆಂದು ಹೊಳೆಯುವುದಿಲ್ಲ.

ನೀನು ಹೇಳಿದ್ದೆಲ್ಲ ನಿಜ. ನನಗೆ ಏನೂ ಕಡಿಮೆಯಿಲ್ಲ. ಅದಕ್ಕೇ ನಾಚಿಕೆಯಾಗುತ್ತದೆ. ತಲೆಗೆ ನೀರು ಹಾಕಿಕೊಳ್ಳಬೇಕೆಂದು ಬಚ್ಚಲ ಬಾಗಿಲಿನವರೆಗೆ ಹೋಗುತ್ತೇನೆ. ತಂಬಿಗೆ ಎತ್ತುವುದು ಕೂಡ ಕಬ್ಬಿನ ಹೊರೆ ಎತ್ತಿದ ಹಾಗೆ ಅನ್ನಿಸಿ ತಿರುಗಿ ಬಂದು ಕೂಡುತ್ತೇನೆ. ಕೋಳಿ ಕೂಗುವುದಕ್ಕೆ ಬಹಳ ಮೊದಲೇ ಎಚ್ಚರವಾಗುತ್ತದೆ, ಆಮೇಲೆ ನಿದ್ದೆ ಹತ್ತುವುದಿಲ್ಲ. ರೊಟ್ಟಿ ಬಾಯಲ್ಲಿ ಮಣ್ಣಾಗುತ್ತದೆ. ಮಕ್ಕಳು ಪಕ್ಕದಲ್ಲಿ ನಿಂತು ಕರೆದರೂ ದೂರದ ಹೊಲದಿಂದ ಕರೆದಂತೆ ಕೇಳುತ್ತದೆ. ಅಳು ಬರುವುದಿಲ್ಲ. ಬಂದಿದ್ದರೆ ಚಲೋ ಆಗುತ್ತಿತ್ತು.

ಸೀರೆ ನೀನೇ ಉಡು. ನನಗೆ ಇನ್ನು ಬೇಕಾಗುವುದಿಲ್ಲ.

ಮಂಗಲ

*

ಶಿರಗುಪ್ಪಿ
೧೦ ಆಗಸ್ಟ್ ೧೯೮೭

ಅಕ್ಕಾವರಿಗೆ ದಾದಾಸಾಹೇಬನ ಜಯ ಜಿನೇಂದ್ರ.

ನೀವು ಸಿಟ್ಟಿನಿಂದ ಬರೆದ ಕಾಗದ ಮುಟ್ಟಿತು. ನಿಮ್ಮ ತಂಗಿಗೆ ನಾನಾಗಲಿ ನಮ್ಮ ಆಯಿಯಾಗಲಿ ಏನಾದರೂ ಅಂದಿದ್ದೇವೆಯೇ ಎಂದು ಕೇಳಿದ್ದೀರಿ. ಏನೂ ಅಂದಿಲ್ಲ. ನೀವು ಗಾಬರಿಯಾಗುವ ಕಾರಣವಿಲ್ಲ, ನಿಜ ಹೇಳಬೇಕೆಂದರೆ ಸಂತೋಷದ ಸುದ್ದಿಯೇ ಇದೆ.

ಮಂಗಲ ವ್ರತ ಹಿಡಿದಿದ್ದಾಳೆ. ನಮಗೂ ಮೊದಲು ತಿಳಿದಿರಲಿಲ್ಲ, ಅವಳು ಬಾಯಿಬಿಟ್ಟು ಹೇಳುವವಳೂ ಅಲ್ಲ. ಆಯಿಯೇ ಗುರುತು ಹಿಡಿದಳು. ದಿನಕ್ಕೊಂದು ಹೊತ್ತು ಎರಡು ತುತ್ತು, ಅಷ್ಟೇ. ಕೆಲವು ದಿನ ಬರೀ ನೀರು. ನಸುಕಿಗೆ ಬಹಳ ಮೊದಲೇ ಎದ್ದು ಕತ್ತಲಲ್ಲಿ ಒಬ್ಬಳೇ ಕೂತಿರುತ್ತಾಳೆ, ಸಾಮಾಯಿಕದ ಧ್ಯಾನಕ್ಕೆ ಕೂತಂತೆ. ಮಾತು ಬಿಟ್ಟಿದ್ದಾಳೆ. ಒಳ್ಳೆಯ ಸೀರೆ, ಬಳೆ, ಯಾವುದರ ಮೇಲೂ ಆಸೆಯಿಲ್ಲ, ಬೇಡಿದವರಿಗೆ ಕೊಡುತ್ತಾಳೆ. ಮನೆಯಲ್ಲಿ ಜಗಳವೆಂಬುದೇ ನಿಂತಿದೆ. ಮದುವೆಯಾದಂದಿನಿಂದ ಆಯಿಗೂ ಅವಳಿಗೂ ಉಪ್ಪು ಖಾರಕ್ಕೆ ದಿನಾ ಹೊಡೆದಾಟವಿತ್ತು, ನಿಮಗೆ ಗೊತ್ತಿದ್ದದ್ದೇ. ಈಗ ಆಯಿ ಓಣಿಯಲ್ಲೆಲ್ಲ ಸೊಸೆಯನ್ನು ಹೊಗಳುತ್ತಾಳೆ. ಬಸದಿಗೆ ಹೋದರೆ ಹೆಂಗಸರು ಎದ್ದು ದಾರಿ ಬಿಡುತ್ತಾರೆ.

ಪರ್ಯೂಷಣದ ಹಬ್ಬಕ್ಕೆ ನೀವು ಅವಶ್ಯ ಬರಬೇಕು.

ನಿಮ್ಮ
ದಾದಾಸಾಹೇಬ

*

ನಿಪ್ಪಾಣಿ
೯ ಸೆಪ್ಟೆಂಬರ್ ೧೯೮೭

ದಾದಾಸಾಹೇಬರಿಗೆ,

ಕರೆದಿರಿ, ಬಂದೆ, ನೋಡಿದೆ. ಅಲ್ಲಿ ಹತ್ತು ಜನರ ಮುಂದೆ ಬಾಯಿ ಕಟ್ಟಿಕೊಂಡು ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ನನಗಿಂತ ಸಣ್ಣವರು, ಅಳಿಯಂದಿರೆಂದು ಮರ್ಯಾದೆಯನ್ನೂ ಕೊಡಬೇಕು, ಆದರೂ ಓದಿ.

ಉಪವಾಸ ಮಾಡಿದವರ ಮೆರವಣಿಗೆಯೆಂದು ಟ್ರ್ಯಾಕ್ಟರಿನ ಟ್ರಾಲಿಗೆ ಬಾಳೆ ಕಂದು ಕಟ್ಟಿ, ಕುರ್ಚಿ ಹಾಕಿ, ನನ್ನ ತಂಗಿಯನ್ನು ಕೂಡಿಸಿದಿರಿ. ಕೊರಳಲ್ಲಿ ಹಾರ. ಹಾರದ ಭಾರಕ್ಕೆ ಅವಳ ಕತ್ತು ಬಾಗಿತ್ತು, ಅದನ್ನು ಜನ ವಿನಯ ಎಂದರು. ಬ್ಯಾಂಡಿನವರು ಕಿವಿಯ ಹತ್ತಿರವೇ ಊದುತ್ತಿದ್ದರೂ ಅವಳು ಕಣ್ಣು ಮಿಟುಕಿಸಲಿಲ್ಲ, ಅದನ್ನು ಜನ ಧ್ಯಾನ ಎಂದರು. ನಿಮ್ಮ ತಾಯಿ ಸೋನಾಬಾಯಿಯವರು ನನ್ನ ಕೈ ಹಿಡಿದುಕೊಂಡು ಕಣ್ಣೀರು ಹಾಕಿದರು. “ನಿನ್ನ ತಂಗಿ ನಮ್ಮ ಮನಿ ಉದ್ಧಾರ ಮಾಡಿದ್ಳವ್ವಾ” ಎಂದರು. ಅವರ ಕಣ್ಣೀರು ಸುಳ್ಳಲ್ಲ, ಅದೇ ನನ್ನ ತಲೆ ಕೆಡಿಸಿದ್ದು. ಸುಳ್ಳಾಗಿದ್ದರೆ ಜಗಳಕ್ಕೆ ಅನುಕೂಲವಾಗುತ್ತಿತ್ತು.

ಆಮೇಲೆ ನಿಮ್ಮ ಪಡಸಾಲೆಯಲ್ಲಿ ಸಾಲು. ನಿನ್ನೆ ಮದುವೆಯಾದ ಹುಡುಗಿಯರು, ಅಜ್ಜಿಯಂದಿರು, ಎಲ್ಲರೂ ಅವಳ ಕಾಲು ಮುಟ್ಟುವವರೇ. ಜನ ಕರಗಿದ ಮೇಲೆ ಅಡುಗೆಮನೆಯಲ್ಲಿ ಅವಳನ್ನು ಕೂಡಿಸಿಕೊಂಡು ಕೇಳಿದೆ, ಇದೆಲ್ಲ ಏನು, ಯಾವ ವ್ರತ, ಯಾವಾಗ ಮುಗಿಯುತ್ತದೆ ಎಂದು. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. “ವ್ರತ ಇಲ್ಲಕ್ಕಾ. ಹಸಿವಿಲ್ಲ, ಅಷ್ಟ. ಅವರು ಕಾಲ ಮುಟ್ಟತಾರ, ಬ್ಯಾಡಂತ ಹೇಳಾಕ ನನಗ ತ್ರಾಣ ಇಲ್ಲ.”

ಕೇಳಿದಿರಾ? ನಿಮ್ಮ ಮನೆಯಲ್ಲಿ ಪ್ರತಿಯೊಂದು ಜಡ್ಡಿಗೂ ಒಂದು ಪುಣ್ಯದ ಹೆಸರು ಇಟ್ಟುಬಿಟ್ಟಿದ್ದೀರಿ. ಊಟ ಸೇರದಿದ್ದರೆ ಉಪವಾಸ, ಮಾತು ಬರದಿದ್ದರೆ ಮೌನ, ನಿದ್ದೆ ಹತ್ತದಿದ್ದರೆ ಸಾಮಾಯಿಕ, ಜೀವದ ಮೇಲೆ ಬೇಸರ ಬಂದರೆ ವೈರಾಗ್ಯ. ಜ್ವರ ಬಂದಿದ್ದರೆ ತಪಸ್ಸು ಎನ್ನುತ್ತಿದ್ದಿರೋ ಏನೋ. ಮೂರು ತಿಂಗಳ ಹಿಂದೆ ನಾನೂ ಅವಳಿಗೆ ಸೋಮಾರಿ ಎನ್ನುವ ಅರ್ಥ ಬರುವಂತೆ ಕಾಗದ ಬರೆದವಳೇ. ಆದರೆ ಅವಳ ರಟ್ಟೆ ಮುಟ್ಟಿ ನೋಡಿದೆ, ನನ್ನ ಬೆರಳು ಸುತ್ತಿಕೊಂಡು ಮತ್ತೂ ಉಳಿಯಿತು. ಸೋಮಾರಿಗಳು ದಪ್ಪಗಾಗುತ್ತಾರೆ.

ಮಿರಜದಲ್ಲಿ ಮನಸ್ಸಿನ ಜಡ್ಡಿಗೆ ಔಷಧ ಕೊಡುವ ಡಾಕ್ಟರರು ಇದ್ದಾರೆ. ನಿಮ್ಮೂರಿನಿಂದ ಬಸ್ಸು ಹತ್ತಿ ಕೂತರೆ ಊಟದ ಹೊತ್ತಿಗೆ ತಿರುಗಿ ಬರಬಹುದು. ನಾಳೆಯೇ ಕರೆದುಕೊಂಡು ಹೋಗಿ.

ಗಂಗೂಬಾಯಿ

*

ಶಿರಗುಪ್ಪಿ
೨೧ ಸೆಪ್ಟೆಂಬರ್ ೧೯೮೭

ಅಕ್ಕಾವರಿಗೆ,

ನಿಮ್ಮ ಮಾತು ಮನಸ್ಸಿಗೆ ಹಚ್ಚಿಕೊಂಡಿದ್ದೇನೆ. ಆದರೆ ಆಯಿಗೆ ಹೇಳುವುದು ಹೇಗೆ? ವ್ರತ ಮುರಿಸಿದರೆ ಆ ಪಾಪ ಮುರಿಸಿದವರಿಗೆ ಹತ್ತುತ್ತದೆ ಎನ್ನುತ್ತಾಳೆ. ಎರಡನೆಯದು, ಆ ಡಾಕ್ಟರರ ದವಾಖಾನೆಯ ಬಾಗಿಲಲ್ಲಿ ನಮ್ಮೂರಿನವರು ಒಬ್ಬರು ನೋಡಿದರೂ ಸಾಕು, ಬಸ್ಸು ಊರಿಗೆ ಮುಟ್ಟುವ ಮೊದಲೇ ದಾದಾಸಾಹೇಬನ ಹೆಂಡತಿಗೆ ಹುಚ್ಚು ಹಿಡಿದಿದೆ ಎಂಬ ಸುದ್ದಿ ಮುಟ್ಟಿರುತ್ತದೆ. ಮುಂದೆ ಮಗಳ ಮದುವೆ ಮಾಡಬೇಕಾದವರು ನಾವು. ನನ್ನ ತಮ್ಮನಿಗೂ ರಾಯಬಾಗದ ಹೆಣ್ಣು ನೋಡಿ ಬಂದಿದ್ದೇವೆ.

ದೀಪಾವಳಿಯವರೆಗೆ ನೋಡೋಣ. ತಾನಾಗಿಯೇ ಸರಿಹೋದರೂ ಹೋದೀತು.

ನಿಮ್ಮ
ದಾದಾಸಾಹೇಬ

*

ಶಿರಗುಪ್ಪಿ
೮ ಅಕ್ಟೋಬರ್ ೧೯೮೭

ಇವರಿಗೆ,

ಕಾಗದದಲ್ಲಿಯೂ ಗಂಡನ ಹೆಸರು ಬರೆಯಬಾರದೆಂದು ಅವ್ವ ಕಲಿಸಿದ್ದು ಇನ್ನೂ ಬಿಟ್ಟಿಲ್ಲ. ಲಕೋಟೆಯ ಮೇಲೆ ಮಾತ್ರ ಕಾಕಾಸಾಹೇಬ ಎಂದು ಬರೆದಿದ್ದೇನೆ, ಇಲ್ಲದಿದ್ದರೆ ಅಂಚೆಯವನು ಯಾರಿಗೆ ಕೊಟ್ಟಾನು. ಎರಡು ದಿನವೆಂದು ಹೇಳಿ ಬಂದವಳು ಇನ್ನೂ ಯಾಕೆ ಬರಲಿಲ್ಲವೆಂದು ನೀವು ಸಿಟ್ಟಾಗಿರುತ್ತೀರಿ. ಅನ್ನಕ್ಕೆ ನೀರೆಷ್ಟು ಎಂದು ಪಕ್ಕದ ಮನೆಯ ಭೀಮಾಬಾಯಿಯನ್ನು ಕೇಳಿ. ಇಲ್ಲಿ ನಡೆದದ್ದು ಹೇಳುತ್ತೇನೆ.

ದಾದಾಸಾಹೇಬ ಎಂಬ ಈ ಪ್ರಾಣಿಗೆ ನಾನು ಹೇಳಿದ್ದೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಒಳ್ಳೆಯವನು, ಆದರೆ ತಾಯಿ ಒಂದು ಕಡೆ ಹೆಂಡತಿ ಒಂದು ಕಡೆ ಕೂತರೆ ನಡುವೆ ತಾನೂ ಕೂತುಬಿಡುವವನು. ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಕಾಗವಾಡದಲ್ಲಿ ಒಬ್ಬ ಮಾತಾಜಿ ಚಾತುರ್ಮಾಸಕ್ಕೆ ನಿಂತಿದ್ದಾರೆ. ಇಷ್ಟು ದೊಡ್ಡ ವ್ರತ ಮಾಡಿದ ಸೊಸೆಗೆ ಮಾತಾಜಿಯ ಆಶೀರ್ವಾದ ಬೇಡವೇ ಎಂದು ಸೋನಾಬಾಯಿಯವರನ್ನು ಎಬ್ಬಿಸಿದೆ. ಹೊಸ ಸೀರೆ ಉಟ್ಟು ಹೊರಟರು.

ಮಾತಾಜಿ ವಯಸ್ಸಾದವರು, ದೀಕ್ಷೆಯ ಬಿಳಿ ಸೀರೆ, ಮುಖದಲ್ಲಿ ನಗುವಿಲ್ಲ, ಸಿಡುಕೂ ಇಲ್ಲ. ಸೋನಾಬಾಯಿಯವರು ಸೊಸೆಯ ಉಪವಾಸ, ಮೌನ, ಎಲ್ಲ ಹೇಳಿದರು. ಮಾತಾಜಿ ಮಂಗಲಳನ್ನೇ ನೋಡುತ್ತ ಕೇಳಿದರು, “ಈ ನೇಮ ಯಾರ ಕಡೆ ತಗೊಂಡಿ, ತಾಯಿ?”

ನಮ್ಮಲ್ಲಿ ನೇಮವೆಂದರೆ ಗುರುಗಳ ಮುಂದೆಯೋ ದೇವರ ಮುಂದೆಯೋ ಬಾಯಿಬಿಟ್ಟು ಸಂಕಲ್ಪ ಮಾಡಬೇಕು. ಎಷ್ಟು ದಿನ, ಯಾವ ವ್ರತ, ಪಾರಣೆ ಯಾವಾಗ ಎಂದು ಹೇಳಬೇಕು. ಇದು ಸಣ್ಣ ಮಕ್ಕಳಿಗೂ ಗೊತ್ತು. ಇಷ್ಟು ತಿಂಗಳು ಈ ಊರಿನಲ್ಲಿ ಒಬ್ಬರೂ ಆ ಒಂದು ಪ್ರಶ್ನೆ ಕೇಳಲಿಲ್ಲ. ನಾನೂ ಯಾವ ವ್ರತ ಎಂದು ಕೇಳಿದೆನೇ ಹೊರತು ಯಾರ ಕಡೆ ತೆಗೆದುಕೊಂಡೆ ಎಂದು ಕೇಳಲಿಲ್ಲ.

ಮಂಗಲ ಹೇಳಿದಳು, “ಯಾರ ಕಡೇನೂ ತಗೊಂಡಿಲ್ರಿ. ಊಟ ಬಿಟ್ಟಿಲ್ಲ, ಒಳಗ ಹೋಗವಲ್ದು.”

ಮಾತಾಜಿ ಸೋನಾಬಾಯಿಯವರ ಕಡೆ ತಿರುಗಿದರು. “ಹಸಿವು ಇದ್ದು ಊಟ ಬಿಟ್ರ ವ್ರತ. ಹಸಿವೇ ಇಲ್ಲಂದ್ರ ಅದು ಜಡ್ಡು. ಜಡ್ಡಿಗೆ ಹಾರ ಹಾಕ್ತಾರೇನು? ಡಾಕ್ಟರ ಕಡೆ ಕರಕೊಂಡು ಹೋಗ್ರಿ.”

ಮುಗಿಯಿತು. ನಾನು ಗಂಟಲು ಹರಿದುಕೊಂಡು ಹೇಳಿದ್ದು ಅದೇ ಅಲ್ಲವೇ? ನನ್ನ ಬಾಯಲ್ಲಿ ಅದು ಸೊಸೆಯ ತವರಿನವರ ತಕರಾರು, ಮಾತಾಜಿಯ ಬಾಯಲ್ಲಿ ಶಾಸ್ತ್ರ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ತಯಾರಾಗಿ ಕಟ್ಟೆಯ ಮೇಲೆ ಕೂತಿದ್ದವರು ಸೋನಾಬಾಯಿಯವರೇ.

ಮಿರಜದ ಡಾಕ್ಟರರು ಮರಾಠಿಯಲ್ಲಿ ಮಾತಾಡಿದರು, ತೀರ ಸಾವಕಾಶ. ಮಂಗಲಳಿಗೆ ಕೇಳಿದ ಪ್ರಶ್ನೆಗೆ ನಾವು ಉತ್ತರ ಕೊಟ್ಟರೆ ಕೈ ಎತ್ತಿ ತಡೆಯುತ್ತಿದ್ದರು. ಕೈಕಾಲಿಗೆ ಬರುವಂತೆ ಮನಸ್ಸಿಗೂ ಜಡ್ಡು ಬರುತ್ತದೆ, ಅದಕ್ಕೆ ಏನೋ ಒಂದು ಕೊರತೆ ಇರಲೇಬೇಕೆಂದಿಲ್ಲ, ಉಂಡುಟ್ಟು ಸುಖವಾಗಿದ್ದವರಿಗೂ ಬರುತ್ತದೆ ಎಂದರು. ಇದು ಹುಚ್ಚಲ್ಲ, ಸೋಮಾರಿತನವಲ್ಲ, ಯಾರೂ ಮಾಡಿಸಿದ್ದಲ್ಲ. ಎದ್ದು ಓಡಾಡು ಎಂದು ಹೇಳುವುದು ಮುರಿದ ಕಾಲಿನವನಿಗೆ ಹೇಳಿದಂತೆ. ನಾನು ನೆಲ ನೋಡಿದೆ.

ಇನ್ನೊಂದು ಕೇಳಿದರು. ಇದಕ್ಕೆ ತಿರುಗಾಮುರುಗಾ ಯಾವಾಗಲಾದರೂ ವಾರಗಟ್ಟಲೆ ಅತಿ ಉಮೇದು, ನಿದ್ದೆಯಿಲ್ಲದಿದ್ದರೂ ದಣಿವಿಲ್ಲ, ಬಾಯಿಗೆ ಬಿಡುವಿಲ್ಲ, ಊರೆಲ್ಲ ತನ್ನದೆನ್ನುವಂಥ ದಿನಗಳು ಬಂದಿದ್ದವೇ ಎಂದು. ಹಾಗಿದ್ದರೆ ಅದು ಬೇರೆ ಜಡ್ಡು, ಔಷಧವೂ ಬೇರೆಯಂತೆ. ಮಂಗಲಳಿಗೆ ಹಾಗೆ ಆಗಿಲ್ಲ. ಆದರೆ ನನಗೆ ಕರೋಶಿಯ ಜಿನ್ನಪ್ಪ ಕಾಕಾ ನೆನಪಾದರು. ಒಂದು ವರ್ಷ ಊರಿಗೆಲ್ಲ ಊಟ ಹಾಕಿಸಿ ಒಂದೇ ಬೇಸಿಗೆಯಲ್ಲಿ ಮೂರು ಬಾವಿ ತೋಡಿಸಲು ಹೊರಟವರು, ಮರುವರ್ಷ ಮುಸುಕು ಹೊದ್ದು ಮಲಗಿದವರು. ನಾವು ಅದನ್ನು ಗ್ರಹಚಾರ ಎಂದು ಶಾಂತಿ ಮಾಡಿಸಿದೆವು. ಈಗ ಯಾರಿಗೆ ಹೇಳುವುದು.

ಕೊನೆಗೆ ಡಾಕ್ಟರರು, ಇವಳು ತನ್ನ ವಸ್ತುಗಳನ್ನು ಯಾರಿಗಾದರೂ ಕೊಟ್ಟುಬಿಟ್ಟಿದ್ದಾಳೆಯೇ ಎಂದು ಕೇಳಿದರು. ಆ ಹಸಿರು ಸೀರೆ ನಮ್ಮ ಟ್ರಂಕಿನಲ್ಲಿದೆಯಲ್ಲ. ಹೌದೆಂದೆ. ಅವರು ಅವಳನ್ನೇ ಕೇಳಿದರು, ಬದುಕುವುದು ಬೇಡ ಅನ್ನಿಸಿದೆಯೇ ಎಂದು. ಹವಾಪಾಣಿ, ಮಳೆಬೆಳೆ ವಿಚಾರಿಸಿದಷ್ಟು ನೇರವಾಗಿ ಕೇಳಿದರು. ಅವಳೂ ಅಷ್ಟೇ ನೇರವಾಗಿ ಹೇಳಿದಳು, “ಹೊಳಿ ಕಡೆ ನೋಡಿದಾಗೆಲ್ಲ ಅನಸ್ತೈತ್ರಿ.”

ದಾದಾಸಾಹೇಬ ಕುರ್ಚಿಯಿಂದ ಎದ್ದು ನಿಂತ, ಮತ್ತೆ ಕೂತ, ಮತ್ತೆ ಎದ್ದ. ಸೋನಾಬಾಯಿಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಅತ್ತುಬಿಟ್ಟೆ. ಆ ಸೀರೆಯನ್ನು ನಾನು ಮಡಚಿ ನುಸಿಗುಳಿಗೆ ಹಾಕಿ ಇಟ್ಟಿದ್ದೆ, ಅವಳು ನನಗೆ ಏನು ಹೇಳಿ ಹೋಗಿದ್ದಳೆಂದು ತಿಳಿಯದೆ.

ಒಬ್ಬಳನ್ನೇ ಬಿಡಬಾರದು ಎಂದಿದ್ದಾರೆ. ಗುಳಿಗೆ ಕೊಟ್ಟಿದ್ದಾರೆ, ರಾತ್ರಿ ಮಲಗುವಾಗ ಒಂದು. ಗುಣ ಕಾಣಲು ಎರಡು ಮೂರು ವಾರ ಬೇಕು, ನಡುವೆ ಬಿಡಬಾರದು. ಇನ್ನು ನಾಲ್ಕು ದಿನ ಇದ್ದು ಬರುತ್ತೇನೆ ಎಂದುಕೊಂಡಿದ್ದೆ, ಆದರೆ ವಖಾರಿಯ ಬೀಗದ ಕೈ ನನ್ನ ಹತ್ತಿರವೇ ಇದೆ ಎಂದು ನೀವು ತಂತಿ ಕೊಟ್ಟಿದ್ದೀರಿ. ಗೂಡಿನಲ್ಲಿ ಎಣ್ಣೆ ಬಟ್ಟಲಿನ ಹಿಂದೆ ಇನ್ನೊಂದು ಇದೆ, ಎಂದಾದರೂ ನೋಡಿದ್ದರೆ ತಾನೆ. ಇರಲಿ, ನಾಡಿದ್ದು ಹೊರಡುತ್ತೇನೆ. ಗುಳಿಗೆ ಕೊಡುವುದೇನು ದೊಡ್ಡ ವಿದ್ಯೆಯಲ್ಲ, ಈ ಮನೆಯವರು ಕೊಟ್ಟಾರು.

ನಿಮ್ಮ
ಗಂಗೂ

*

ಶಿರಗುಪ್ಪಿ
೨೯ ಅಕ್ಟೋಬರ್ ೧೯೮೭

ಅಕ್ಕಾವರಿಗೆ,

ಬೇಸರದಿಂದ ಬರೆಯುತ್ತಿದ್ದೇನೆ. ಡಾಕ್ಟರರ ಗುಳಿಗೆ ಮಂಗಲಳಿಗೆ ಒಗ್ಗಲಿಲ್ಲ. ಬೆಳಿಗ್ಗೆ ನುಂಗಿದಳೆಂದರೆ ಹಗಲೆಲ್ಲ ತೂಕಡಿಕೆ. ಮಾತಾಡಿಸಿದರೆ ನಾಲಿಗೆ ಒಣಗಿ ತೊದಲುತ್ತಾಳೆ. ಮೊನ್ನೆ ಒಲೆಯ ಮುಂದೆ ಕೂತವಳು ಹಾಗೆಯೇ ಮುಂದಕ್ಕೆ ವಾಲಿದಳು, ಆಯಿ ಹಿಡಿಯದಿದ್ದರೆ ಕೈ ಬೆಂಕಿಗೆ ಬೀಳುತ್ತಿತ್ತು. ರಾತ್ರಿ ಮಾತ್ರ ಮೊದಲಿನಂತೆಯೇ ಕಣ್ಣು ಬಿಟ್ಟುಕೊಂಡಿರುತ್ತಾಳೆ. ಅಂದಿನಿಂದ ಆಯಿ ಗುಳಿಗೆ ನಿಲ್ಲಿಸಿದ್ದಾಳೆ. ನಾನೂ ಬೇಡವೆನ್ನಲಿಲ್ಲ.

ಡಾಕ್ಟರರು ರಾತ್ರಿ ಮಲಗುವಾಗ ಎಂದಿದ್ದು ನನಗೆ ನೆನಪಿದೆ. ಆದರೆ ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಬಾಯಿಗೆ ಹನಿ ನೀರೂ ಹಾಕುವುದಿಲ್ಲವೆಂದು ನಿಮಗೆ ಗೊತ್ತಿದೆ. ಗುಳಿಗೆಗೆ ನೀರು ಬೇಕು. ಅದಕ್ಕೆ ಬೆಳಿಗ್ಗೆ ಕೊಟ್ಟೆವು. ದಿನಕ್ಕೆ ಒಂದು ಹೋದರೆ ಸರಿ, ಹೊತ್ತು ಯಾವುದಾದರೇನು ಎಂದುಕೊಂಡೆವು.

ಈಗ ಏನು ಮಾಡುವುದು ತಿಳಿಯದಾಗಿದೆ.

ದಾದಾಸಾಹೇಬ

*

ನಿಪ್ಪಾಣಿ
೪ ನವೆಂಬರ್ ೧೯೮೭

ದಾದಾಸಾಹೇಬರೇ,

ನಿಮ್ಮ ಕಾಗದ ಓದಿ ನಾನು ಬಾಗಿಲಿನ ಚೌಕಟ್ಟಿಗೆ ತಲೆ ಕೊಟ್ಟು ಸ್ವಲ್ಪ ಹೊತ್ತು ನಿಂತೆ. ಇವರು ಬಂದು ಯಾರು ಸತ್ತರು ಎಂದು ಕೇಳಿದರು. ಯಾರೂ ಸಾಯಬಾರದೆಂದು ಇಷ್ಟೆಲ್ಲ ಮಾಡುತ್ತಿದ್ದೇನೆ ಎಂದೆ.

ದೇವರು ಕೊಟ್ಟರೂ ಪೂಜಾರಿ ಕೊಡ ಎಂಬುದನ್ನು ಇಷ್ಟು ದಿನ ಗಾದೆ ಎಂದುಕೊಂಡಿದ್ದೆ. ಅದು ನಿಮ್ಮ ಮನೆಯ ವಿಳಾಸ. ನಿದ್ದೆ ಬರಿಸುವ ಗುಳಿಗೆಯನ್ನು ಸೂರ್ಯ ಹುಟ್ಟಿದ ಕೂಡಲೇ ನುಂಗಿಸಿ, ಹಗಲು ನಿದ್ದೆ ಬಂದಿತೆಂದು ಔಷಧಕ್ಕೆ ದೋಷ ಹಚ್ಚಿದಿರಿ. ನಿಮ್ಮ ನೇಮ ನಾನು ಮುರಿಯುವುದಿಲ್ಲ, ನನ್ನ ಮನೆಯಲ್ಲೂ ಅದೇ ನೇಮ. ಆದರೆ ಬೆಳಿಗ್ಗೆಗೂ ರಾತ್ರಿಗೂ ನಡುವೆ ಸಂಜೆ ಎಂಬುದೊಂದು ಇದೆಯಲ್ಲ, ಅದು ನಿಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲವೇ? ಹೋಗಲಿ, ಡಾಕ್ಟರರನ್ನು ಇನ್ನೊಮ್ಮೆ ಕೇಳಬಾರದೆಂದು ಯಾವ ಶಾಸ್ತ್ರದಲ್ಲಿದೆ?

ನಿಮ್ಮನ್ನು ನಂಬಿ ಪ್ರಯೋಜನವಿಲ್ಲವೆಂದು ನಿನ್ನೆ ನಾನೇ ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ಮಿರಜಕ್ಕೆ ಹೋಗಿ ಬಂದೆ. ಡಾಕ್ಟರರು ಸಿಟ್ಟಾಗುತ್ತಾರೆಂದು ಹೆದರಿದ್ದೆ. ಅವರು ತಮ್ಮ ಹಣೆಯನ್ನೇ ಮುಟ್ಟಿಕೊಂಡು, ಇಲ್ಲಿ ಇಷ್ಟು ವರ್ಷ ಇದ್ದೂ ನಾನು ನಿಮ್ಮ ಊಟದ ಹೊತ್ತು ಕೇಳಲಿಲ್ಲ ಎಂದರು. ಹೊತ್ತು ಮುಳುಗುವ ಮೊದಲು, ಸಂಜೆಯ ಊಟದ ಜೊತೆ ಕೊಡಿ, ಬೇಗ ಮಲಗಲಿ ಎಂದರು. ಮೊದಲ ವಾರ ಅರ್ಧ ಗುಳಿಗೆ, ಆಮೇಲೆ ಪೂರ್ತಿ. ಬಾಯಿ ಒಣಗುವುದು ಕೆಲವು ದಿನ ಇದ್ದದ್ದೇ, ಅದಕ್ಕೆ ಹೆದರಿ ಬಿಡಬಾರದು. ಗುಣವಾಯಿತೆಂದು ಕಂಡ ಮೇಲೆಯೂ ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು, ತಾವಾಗಿಯೇ ನಿಲ್ಲಿಸುವಂತಿಲ್ಲ. ಗುಳಿಗೆಯ ಡಬ್ಬಿ ಅವಳ ಕೈಗೆ ಕೊಡಬಾರದು.

ಡಬ್ಬಿಯನ್ನು ನಿಮ್ಮ ತಾಯಿಯವರ ಕೈಗೆ ಕೊಡಿ. ಇದನ್ನು ಚೆನ್ನಾಗಿ ಯೋಚಿಸಿಯೇ ಬರೆದಿದ್ದೇನೆ. ನೀವು ಕಾರ್ಖಾನೆಗೆ ಕಬ್ಬು ಸಾಗಿಸುವ ಗದ್ದಲದಲ್ಲಿ ಗುಳಿಗೆ ಮರೆಯುತ್ತೀರಿ. ಸೋನಾಬಾಯಿಯವರು ಹುಟ್ಟಿದಾಗಿನಿಂದ ಹೊತ್ತು ಮುಳುಗುವುದನ್ನು ಒಂದು ದಿನವೂ ಮರೆತವರಲ್ಲ.

ಗಂಗೂಬಾಯಿ

*

ಶಿರಗುಪ್ಪಿ
೧೨ ಡಿಸೆಂಬರ್ ೧೯೮೭

ಅಕ್ಕಾವರಿಗೆ,

ಕಬ್ಬಿನ ಕಟಾವು ನಡೆದಿದೆ, ಎರಡೇ ಸಾಲು ಬರೆಯುತ್ತೇನೆ. ಆಯಿ ದಿನಾ ನಾಲ್ಕು ಗಂಟೆಗೆ ಅಂಗಳಕ್ಕೆ ಬಂದು ನಿಂತು ಸೂರ್ಯನನ್ನು ಕಾಯುತ್ತಾಳೆ. ನಮಗೆಲ್ಲ ಊಟ ತಡವಾದರೂ ನಡೆದೀತು, ಗುಳಿಗೆ ತಡವಾಗುವ ಹಾಗಿಲ್ಲ. ಮಂಗಲ ಈಗ ಕೋಳಿ ಕೂಗುವವರೆಗೆ ನಿದ್ದೆ ಮಾಡುತ್ತಾಳೆ. ಮುಖದಲ್ಲಿ ಅಂಥ ಬದಲಾವಣೆ ನನಗೇನೂ ಕಾಣುವುದಿಲ್ಲ. ಆದರೆ ನಿನ್ನೆ ನಾನು ಹೊಲದಿಂದ ಬಂದಾಗ ತಾನಾಗಿಯೇ ಕೇಳಿದಳು, ಎಮ್ಮೆಗೆ ಹಿಂಡಿ ಯಾಕೆ ಇಟ್ಟಿಲ್ಲ ಎಂದು. ಏಳು ತಿಂಗಳಲ್ಲಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಕಾಲು ಕೂಡ ತೊಳೆಯದೆ ಹೋಗಿ ಹಿಂಡಿ ಇಟ್ಟು ಬಂದೆ.

ನನ್ನನ್ನು ನಂಬಿ ಪ್ರಯೋಜನವಿಲ್ಲವೆಂದು ನೀವು ಬರೆದದ್ದು ಸರಿಯೇ ಇತ್ತು. ಆದರೂ ಬರುತ್ತಿರಿ.

ದಾದಾಸಾಹೇಬ

*

ಶಿರಗುಪ್ಪಿ
೨೦ ಜನವರಿ ೧೯೮೮

ಅಕ್ಕಾ,

ಸಂಕ್ರಮಣಕ್ಕೆ ನೀನು ಕಳಿಸಿದ ಎಳ್ಳುಬೆಲ್ಲ ಮುಟ್ಟಿತು. ಅದನ್ನು ಕಟ್ಟಿದ್ದು ಯಾರು? ಅರ್ಧಕ್ಕರ್ಧ ಇರುವೆ. ಉಳಿದ ಅರ್ಧದಲ್ಲಿ ಬೆಲ್ಲವೇ ಬೆಲ್ಲ, ಎಳ್ಳು ಹುಡುಕಬೇಕು. ಇಷ್ಟು ವರ್ಷ ಸಂಸಾರ ಮಾಡಿಯೂ ನಿನಗೆ ಅಳತೆ ಹತ್ತಲಿಲ್ಲ.

ಈ ಮನೆಯವರು ನನ್ನ ಜೀವ ತಿನ್ನುತ್ತಿದ್ದಾರೆ. ಅತ್ತೆ ಮಧ್ಯಾಹ್ನ ಇಳಿಯುತ್ತಲೇ ಅಂಗಳದಲ್ಲಿ ನಿಂತು, “ಮಂಗಲಾ, ಹೊತ್ತು ಮುಳಗತೈತಿ, ಗುಳಿಗಿ ನುಂಗು” ಎಂದು ಇಡೀ ಓಣಿಗೆ ಕೇಳುವಂತೆ ಕೂಗುತ್ತಾರೆ. ಗುಟ್ಟಾಗಿರಲಿ ಎಂದು ಇವರು ಡಬ್ಬಿಯ ಮೇಲಿನ ಚೀಟಿ ಕಿತ್ತಿಟ್ಟದ್ದು ದಂಡವಾಯಿತು. ಕಾಲು ಮುಟ್ಟುತ್ತಿದ್ದ ಹೆಂಗಸರೆಲ್ಲ ಈಗ ನನಗೆ ಏನಾಗಿತ್ತೆಂದು ಕೆದಕಿ ಕೇಳಲು ಬರುತ್ತಾರೆ. ಒಬ್ಬಳಂತೂ ದೂರ ಕೂತು, ಹುಚ್ಚು ಅಂಟುತ್ತದೆಯೋ ಏನೋ ಎಂದು ನೋಡುತ್ತಿದ್ದಳು. ನಾನು ಹೇಳುವ ಮೊದಲೇ ಅತ್ತೆ ಎದ್ದರು. “ಜಡ್ಡ ಆಗಿತ್ತು, ಔಷಧ ನಡದೈತಿ. ನಿನಗ ಆದ್ರ ಡಾಕ್ಟರ ಹೆಸರ ಹೇಳತೀನಿ” ಎಂದರು. ಅವಳು ಚಹಾ ಅರ್ಧಕ್ಕೇ ಬಿಟ್ಟುಹೋದಳು. ನನಗೆ ನಗು ಬಂತು. ನಗು ಬಂದದ್ದಕ್ಕೆ ಆಮೇಲೆ ಒಳಗೆ ಹೋಗಿ ಅತ್ತುಬಿಟ್ಟೆ. ಬಹಳ ಹೊತ್ತು ಅಳುತ್ತ ಕೂತೆ, ಅಕ್ಕಾ. ಚಲೋ ಆಯಿತು.

ಪೂರ್ತಿ ಗುಣವಾಗಿದೆ ಎಂದು ತಿಳಿದು ಪೂಜೆ ಗೀಜೆ ಮಾಡಿಸಬೇಡ. ಕೆಲವು ದಿನ ಬೆಳಿಗ್ಗೆ ಅದೇ ಭಾರ ಎದೆಯ ಮೇಲೆ ಕೂತಿರುತ್ತದೆ. ಹಾಗೆ ಬಂದರೆ ಬಾಯಿಬಿಟ್ಟು ಹೇಳಬೇಕೆಂದು ಡಾಕ್ಟರರು ಹೇಳಿದ್ದಾರೆ, ಹೇಳುತ್ತೇನೆ. ಇವರು ಅಂದು ಹೊಲಕ್ಕೆ ಹೋಗುವುದಿಲ್ಲ. ಮನೆಯಲ್ಲೇ ನನ್ನ ಹಿಂದೆ ಹಿಂದೆ ತಿರುಗುತ್ತ ನಾನು ತೊಳೆದಿಟ್ಟ ಪಾತ್ರೆಯನ್ನು ಮತ್ತೆ ತೊಳೆಯುತ್ತಾರೆ. ನಿನ್ನೆ ಎರಡು ಕಪ್ಪು ಒಡೆದರು. ನಿನ್ನೆಯೇ ಝುಣಕಕ್ಕೆ ಉಪ್ಪು ಹಾಕುವುದನ್ನೂ ಅತ್ತೆ ಮರೆತರು, ಸೂರ್ಯನನ್ನು ಕಾಯುವ ಗಡಿಬಿಡಿಯಲ್ಲಿ. ನನಗೆ ಹಸಿವಾಗಿತ್ತು, ಸಿಟ್ಟು ಬಂತು, ತಾಟು ಸರಿಸಿ ಅಂದೆ, “ಇದನ್ನ ಯಾರ ತಿಂತಾರ?” ಇವರೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಣ್ಣಲ್ಲಿ ನೀರು ತಂದುಕೊಂಡರು. ಇಂಥ ಮನೆಯಲ್ಲಿ ಒಬ್ಬ ಹೆಂಗಸು ಸರಿಯಾಗಿ ಜಗಳವಾಡುವುದಾದರೂ ಹೇಗೆ?

ಇನ್ನು ಮುಖ್ಯವಾದ ಮಾತು. ಬರುವ ತಿಂಗಳು ರಾಯಬಾಗದಲ್ಲಿ ಮೈದುನನ ಮದುವೆ. ಹಿರಿ ಸೊಸೆ ನಾನು, ನಾಲ್ಕು ಜನರ ಮುಂದೆ ನಿಲ್ಲಬೇಕಾದವಳು. ಪೆಟ್ಟಿಗೆ ತೆಗೆದು ನೋಡಿದರೆ ಉಡುವಂಥದು ಒಂದೂ ಇಲ್ಲ. ನನ್ನ ಹಸಿರು ಇಳಕಲ್ ಸೀರೆ ನಿನ್ನ ಹತ್ತಿರವಿದೆ. ನಾನೇ ಕೊಟ್ಟೆನೆಂದು ಹೇಳಬೇಡ, ಕೊಟ್ಟವಳಿಗೆ ಮೈಯಲ್ಲಿ ನೆಟ್ಟಗಿರಲಿಲ್ಲ. ಅದು ನನ್ನದು, ನನಗೆ ಬೇಕು. ಬರುವ ಸೋಮವಾರದೊಳಗೆ ಕಳಿಸು.

ಉಟ್ಟಿದ್ದರೆ ಸುಳ್ಳು ಹೇಳಬೇಡ, ತೊಳೆದು ಕಳಿಸು.

ನಿನ್ನ ತಂಗಿ
ಮಂಗಲ